ಕಪ್ಪು ಬಟ್ಟೆಗೆ ಕಪ್ಪು ದಾರ

ಅಂಗಿಯ ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಬೀದಿಯವರೆಲ್ಲ ಕಾಜಾ ಚಿಕ್ಕಮ್ಮ ಅನ್ನುತ್ತಿದ್ದರು. ಅವಳಿಗೆ ಶುಗರ್ ಇದೆಯೆಂದು ಗೊತ್ತಾದಾಗ ಪಕ್ಕದ ಮನೆಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಸಮಾಧಾನ ಹೇಳಲು ಬಂದಳು. ಬಂದವಳ ಕಣ್ಣೆಲ್ಲ ಹೊಲಿಗೆ ಮೆಷಿನ್ನಿನ ಮೇಲೆ.

"ನಿಮ್ಮಮ್ಮಂಗೂ ಇದೇ ಅಲ್ವೇನೇ? ಕೊನೆಗೆ ಕಣ್ಣೇ ಹೋಯ್ತು, ಪಾಪ. ನಿಂಗೂ ಕಾಣಿಸ್ದೆ ಹೋದಾಗ ಈ ಮೆಷಿನ್ನ ಗುಜರಿಗೆ ಹಾಕ್ಬೇಡ, ನನ್ ಮಗಳಿಗೆ ಕೊಟ್ಬಿಡು."

ಚಿಕ್ಕಮ್ಮನ ಮೈಯೆಲ್ಲ ಉರಿದುಹೋಯಿತು. ಸಾಯುವ ಮೊದಲೇ ಪಾಲು ಕೇಳುವವರುಂಟು. ಕಣ್ಣು ನೆಟ್ಟಗಿರುವಾಗಲೇ ಕುರುಡಿಯ ಪಾಲು ಕೇಳಿದವಳು ಇವಳೊಬ್ಬಳೇ ಇರಬೇಕು. ಇವಳ ಕಣ್ಣೆದುರೇ ಹೊಲಿದು ತೋರಿಸುತ್ತೇನೆ ಎಂದು ಹಲ್ಲು ಕಚ್ಚಿದಳು.

ಮೆಷಿನ್ನನ್ನು ಎಳೆದು ಓರಗಿತ್ತಿಯ ಅಡುಗೆಮನೆ ಕಿಟಕಿಗೆ ನೇರ ಇಟ್ಟಳು. ಬಾಯಿಗೆ ಕಡಿವಾಣ, ಹೊತ್ತುಹೊತ್ತಿಗೆ ಮಾತ್ರೆ, ಸಂಜೆಗೆ ನಡಿಗೆ. ಅದೂ ಓರಗಿತ್ತಿಯ ಬಾಗಿಲ ಮುಂದೆಯೇ, ಚಪ್ಪಲಿ ಸದ್ದು ಮಾಡಿಕೊಂಡು! ಅಮ್ಮ ಎಡವಿದ್ದು ಎಲ್ಲೆಂದು ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಕಾಣಿಸುತ್ತಿದೆಯಲ್ಲ ಎಂದು ಅಮ್ಮ ಕಣ್ಣು ತೋರಿಸಿರಲಿಲ್ಲ. ಮಂಜಾಗುವ ಹೊತ್ತಿಗೆ ಒಳಗೆಲ್ಲ ಕೆಟ್ಟುಹೋಗಿತ್ತು. ಹಾಗಾಗಿ ಇವಳು ಕಾಣಿಸುತ್ತಿರುವಾಗಲೇ ವರ್ಷವರ್ಷವೂ ಕಣ್ಣಾಸ್ಪತ್ರೆಗೆ ಹೋಗಿ ಹನಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿದಳು. ಒಂದು ವರ್ಷ ಡಾಕ್ಟರಿಗೆ ಒಳಗೆ ರಕ್ತದ ಚುಕ್ಕಿಗಳು ಕಂಡವು. ಲೇಸರ್ ಹಾಕಿ, "ಸರಿಯಾದ ಸಮಯಕ್ಕೆ ಬಂದ್ರಿ" ಎಂದರು. ಹನಿ, ಲೇಸರಿನ ಮಂಜು ಇಳಿಯದೆ ಆ ಸಂಜೆ ಅವಳಿಗೆ ತನ್ನ ಬೆರಳೇ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಓರಗಿತ್ತಿಗೆ ಕೇಳಲೆಂದು ದಾರವಿಲ್ಲದ ಮೆಷಿನ್ನನ್ನೇ ಕತ್ತಲಾಗುವವರೆಗೂ ತುಳಿದಳು.

ವರ್ಷಗಳು ಕಳೆದವು. ಓರಗಿತ್ತಿಗೂ ಶುಗರ್ ಬಂತು. ಒಂದು ಮಧ್ಯಾಹ್ನ ಅವಳು ಕರಿ ಕೋಟು, ಸೂಜಿ, ಕರಿ ದಾರ ಹಿಡಿದು ಬಂದಳು. "ನಮ್ಮನೇಲಿ ಬೆಳಕೇ ಸರಿ ಇಲ್ಲ ಕಣೇ. ಇದನ್ನೊಂಚೂರು ಪೋಣಿಸಿಕೊಡು."

ಹೊರಗೆ ಬಿಸಿಲು ಸುರಿಯುತ್ತಿತ್ತು. ಚಿಕ್ಕಮ್ಮ ಒಂದೇ ಸಲಕ್ಕೆ ದಾರ ಪೋಣಿಸಿ, ಸೂಜಿಯನ್ನು ಅವಳ ಮೂಗಿನ ಮುಂದೆ ಹಿಡಿದಳು. ಇಷ್ಟು ವರ್ಷದ ಸೇಡು ತೀರಿದ ಆ ಗಳಿಗೆ ಬಾಯಿಗೆ ಸಿಹಿಯಾಗಿಯೇ ಇತ್ತು.

"ಕಣ್ಣು ತೋರಿಸಿದ್ರಾ ಅಕ್ಕಾ?"

"ಯಾಕೆ? ಚೆನ್ನಾಗೇ ಕಾಣಿಸುತ್ತಲ್ಲ!"

ಅಮ್ಮನ ಮಾತೇ. ಚಿಕ್ಕಮ್ಮ ಮೆಷಿನ್ನಿಗೆ ಮುಸುಕು ಹಾಕಿ ಎದ್ದಳು. "ನಡೀರಿ ಕಣ್ಣಾಸ್ಪತ್ರೆಗೆ. ಈಗ್ಲೇ."

ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ ಮೇಲೆ ಇಷ್ಟೊಂದು ಪ್ರೀತಿ ಇಟ್ಕೊಂಡಿದ್ಯೇನೇ?"

"ಪ್ರೀತಿನೂ ಇಲ್ಲ, ಮಣ್ಣೂ ಇಲ್ಲ. ನಿಮ್ ಕಣ್ಣು ಹೋದ್ರೆ, ನಾನು ಹೊಲಿಯೋದನ್ನ ನೋಡಿ ಹೊಟ್ಟೆ ಉರ್ಕೊಳ್ಳೋರು ಯಾರಿದ್ದಾರೆ?"