ಯಂತ್ರಕ್ಕೆ ‘ಗೊತ್ತಿಲ್ಲ’ ಕಲಿಸಿದ ದೇಸಾಯರು

ಅಹಮದಾಬಾದಿನಲ್ಲಿ ದಾರಿ ಕೇಳಿದರೆ ಯಾರೂ ಬರಿಗೈಲಿ ಕಳಿಸುವುದಿಲ್ಲ. ಗೊತ್ತಿರಲಿ ಬಿಡಲಿ, ಎಡಕ್ಕೋ ಬಲಕ್ಕೋ ಕೈ ತೋರಿಸಿಯೇ ತೀರುತ್ತಾರೆ. ನಮ್ಮ ಮೈಸೂರಿನವರೂ ಇದರಲ್ಲಿ ಕಡಿಮೆಯಿಲ್ಲ. ದೇಸಾಯರು ಮಾತ್ರ ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಆಫೀಸಿನ ಗೇಟಿನಲ್ಲಿ ನಿಂತು, ಸ್ಕೂಟರ್ ನಿಲ್ಲಿಸಿ ಕೇಳಿದವರಿಗೆಲ್ಲ ಅರಳಿದ ಮುಖದಿಂದ “ಪತಾ ನಹೀಂ” ಎನ್ನುತ್ತಿದ್ದರು. ‘ಗೊತ್ತಿಲ್ಲ’ ಎನ್ನುವುದಕ್ಕೆ ಅಷ್ಟು ಸಂತೋಷಪಡುವವರನ್ನು ನಾನು ಬೇರೆ ಕಂಡಿಲ್ಲ.

ಅವರು ಧಾರವಾಡದವರು. ಹೆಂಡತಿಗೆ ಬ್ಯಾಂಕಿನಲ್ಲಿ ವರ್ಗವಾದಾಗ ಜೊತೆಗೆ ಬಂದವರು. ಗುಜರಾತಿನಲ್ಲೂ ದೇಸಾಯಿಗಳು ಬೇಕಾದಷ್ಟಿರುವುದರಿಂದ ಹೊಸಬರು ಗುಜರಾತಿಯಲ್ಲೇ ಮಾತಿಗೆಳೆಯುತ್ತಿದ್ದರು. ಇವರು ನಾಲ್ಕು ಮಾತಿನವರೆಗೂ ತಲೆಯಾಡಿಸಿ, ಐದನೆಯದಕ್ಕೆ ಧಾರವಾಡದ ಹೆಸರು ಹೇಳುತ್ತಿದ್ದರು.

ಹಿಂದೆ ಅವರು ನೀರಿನ ಪಂಪುಗಳಿಗೆ ಕೈಪಿಡಿ ಬರೆಯುತ್ತಿದ್ದರಂತೆ. ನಮ್ಮಲ್ಲಿ ಬರೆದದ್ದು ಯಂತ್ರಕ್ಕೆ. ಕಾರ್ಖಾನೆಯಲ್ಲಿ ಯಾವುದು ಯಾವುದಕ್ಕೆ ಹೋಯಿತು ಎಂಬುದನ್ನೆಲ್ಲ ಬಾಣಗಳಿಂದ ಜೋಡಿಸಿಡುವ ಗ್ರಾಫ್ ಡೇಟಾಬೇಸ್ ಒಂದಿರುತ್ತದೆ. ಮಾಲೀಕ ಪ್ರಶ್ನೆ ಕೇಳಿದರೆ ಎಐ ಏಜೆಂಟ್ ಅದರೊಳಗೆ ಹುಡುಕಿ ಉತ್ತರ ಹೇಳಬೇಕು. ಹುಡುಕುವ ಟೂಲ್ ನನ್ನದು. ಅದನ್ನು ಬಳಸುವುದು ಹೇಗೆಂದು ಏಜೆಂಟಿಗೆ ತಿಳಿಸುವ ಕೈಪಿಡಿ ದೇಸಾಯರದು. ಓದುವವನು ಮನುಷ್ಯನಲ್ಲ ಎಂಬುದು ಅವರಿಗೆ ವಿಚಿತ್ರವೆನಿಸಲೇ ಇಲ್ಲ.

“ಪಂಪಿನ ಪುಸ್ತಕಾ ಯಾರ್ ಓದತಿದ್ರು ತಂಗಿ? ಇದಾದ್ರ ಪೂರ್ತಿ ಓದತದ.”

ಬರೆದ ಪ್ರತಿ ಸಾಲನ್ನೂ ನನಗೆ ಗಟ್ಟಿಯಾಗಿ ಓದಿ ಹೇಳಿ, “ಹಿಂಗಂದ್ರ ನೀ ಏನ್ ಮಾಡ್ತೀ?” ಎಂದು ಕೇಳುವುದು ಅವರ ಕ್ರಮ. ನಾನು ಬೇರೇನಾದರೂ ಹೇಳಿದರೆ ಮರುಮಾತಾಡದೆ ಸಾಲು ಅಳಿಸುತ್ತಿದ್ದರು. ಎರಡು ಸಾಲುಗಳ ವಿಷಯದಲ್ಲಿ ಮಾತ್ರ ಅವರು ಹಟ ಹಿಡಿದರು: ‘ಉತ್ತರ ಖಾಲಿ ಬಂದರೆ ಇಲ್ಲ ಎನ್ನಬೇಡ, ಸಿಗಲಿಲ್ಲ ಎನ್ನು. ಬಾಣವನ್ನು ತಿರುಗಿಸಿ ಇನ್ನೊಮ್ಮೆ ಕೇಳು.’ ಮ್ಯಾನೇಜರ್ ಪಾರ್ಥ್‌ಭಾಯಿ ಅವನ್ನು ತೆಗೆಸಿಬಿಟ್ಟರು. ಏಜೆಂಟೇ ತಡವರಿಸಿದರೆ ಕೊಳ್ಳುವವರು ಏನಂದುಕೊಳ್ಳುತ್ತಾರೆ ಎಂಬುದು ಅವರ ವಾದ.

“ಉಪ್ಪು ಸಿಗಲಿಲ್ಲ ಅನ್ನೂದು ಬ್ಯಾರೆ, ಉಪ್ಪಿಲ್ಲ ಅನ್ನೂದು ಬ್ಯಾರೆ,” ಎಂದು ದೇಸಾಯರು ಊಟದ ಡಬ್ಬಿ ಬಿಚ್ಚುತ್ತ ನನ್ನ ಹತ್ತಿರ ಗೊಣಗಿದರು. “ನಾ ಹುಡುಕಿದ್ರ ಮನ್ಯಾಗ ಯಾವತ್ತೂ ಸಿಗೂದಿಲ್ಲ. ನಮ್ಮನಿಯಾಕಿ ಬಂದ್ರ ಕಣ್ಣೆದುರಿಗೇ ಇರ್ತದ.”

ಮುಂದಿನ ವಾರ ಟೂಲ್ ತೋರಿಸಲು ನಾವಿಬ್ಬರೂ ಸೂರತ್‌ಗೆ ಹೋದೆವು. ಅಲ್ಲಿನ ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅಲ್ಲಿನ ಸೂಪರ್‌ವೈಸರ್ ಹಸ್ಮುಖ್‌ಭಾಯಿ, ಒಂದು ಡ್ರಮ್ಮಿನ ಬಣ್ಣ ಕೆಟ್ಟಿದೆ, ಒಗೆದರೆ ಬಿಡುತ್ತದೆ ಎಂದು ಬಟ್ಟೆ ತುಂಬಿದ ಲಾರಿ ನಿಲ್ಲಿಸಿಬಿಟ್ಟಿದ್ದ. ಆ ಬಣ್ಣ ಯಾವ ಕಂತಿನ ಬಟ್ಟೆಗೆ, ಯಾವ ಲಾಟಿಗೆ ಹೋಗಿದೆ ಎಂದು ಮಾಲೀಕರು ಏಜೆಂಟನ್ನೇ ಕೇಳಿದರು. ಯಾವ ಲಾಟಿಗೂ ಹೋಗಿಲ್ಲ ಎಂದು ಅದು ಠೀವಿಯಿಂದ ಉತ್ತರಿಸಿತು. ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು. ಸುಮ್ಮನೆ ಗುಲ್ಲೆಬ್ಬಿಸುವವನು ನನಗೆ ಬೇಡ, ನಾಳೆಯಿಂದ ಬರಬೇಡ ಎಂದು ಎಲ್ಲರೆದುರು ಹೇಳಿದರು. ಹೊರಗೆ ಲಾರಿ ಶುರುವಾದ ಸದ್ದು ಕೇಳಿಸಿತು.

“ತಂಗಿ, ಇಲ್ಲಂದದ್ದು ಏಜೆಂಟೋ, ಡೇಟಾಬೇಸೋ?” ಎಂದರು ದೇಸಾಯರು.

ಲ್ಯಾಪ್‌ಟಾಪಿನಲ್ಲಿ ನೋಡಿದೆ. ಡೇಟಾಬೇಸಿನಲ್ಲಿ ಬಾಣ ಡ್ರಮ್ಮಿನಿಂದ ಲಾಟಿನ ಕಡೆಗಿತ್ತು. ಏಜೆಂಟ್ ಲಾಟಿನಿಂದ ಡ್ರಮ್ಮಿನ ಕಡೆಗೆ ಹುಡುಕಿತ್ತು. ಖಾಲಿ ಬಂದದ್ದನ್ನು ಅದು ‘ಇಲ್ಲ’ ಮಾಡಿಕೊಂಡಿತ್ತು. ಬಾಣ ತಿರುಗಿಸಿ ಕೇಳಿದೆ. ಮೂರು ಲಾಟುಗಳು ಬಂದವು. ಎರಡು ಲಾರಿಯಲ್ಲೇ ಇದ್ದವು.

ಲಾರಿಯನ್ನು ಗೇಟಿನಲ್ಲಿ ತಡೆದು ಮಾಲು ಇಳಿಸಿದರು. ಮಾಲೀಕರು ಕ್ಷಮೆಯನ್ನೇನೂ ಕೇಳಲಿಲ್ಲ. ಹಸ್ಮುಖ್‌ಭಾಯಿಗೆ, ನಾಳೆ ಬೇಗ ಬಾ ಎಂದರು. ಅವನಿಗೆ ಅಷ್ಟೇ ಸಾಕಾಗಿತ್ತು. ಅಹಮದಾಬಾದಿಗೆ ಮರಳಿದ ಮೇಲೆ ಪಾರ್ಥ್‌ಭಾಯಿ ಆ ಎರಡು ಸಾಲುಗಳನ್ನು ತಾವಾಗಿಯೇ ಮತ್ತೆ ಹಾಕಿಸಿದರು. ದೇಸಾಯರು ಗೆದ್ದ ಮುಖ ಮಾಡಲಿಲ್ಲ. ಹಾಕಿದ ಸಾಲುಗಳಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದಷ್ಟೇ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ದನಿ ಕೂರತೊಡಗಿತು. ಗಟ್ಟಿಯಾಗಿ ಓದುವುದು ನಿಂತು, ಸಾಲನ್ನು ಬೆರಳಿನಿಂದ ತೋರಿಸಿ ಹುಬ್ಬೇರಿಸುತ್ತಿದ್ದರು. ಗಂಟಲಲ್ಲಿ ಗಡ್ಡೆ ಎಂದು ಗೊತ್ತಾಯಿತು. ವಾಸಿಯಾಗುತ್ತದೆಯೇ ಎಂಬುದಕ್ಕೆ ಡಾಕ್ಟರ್ ಏನಂದರು ಎಂದು ಕೇಳಿದೆ.

“ಗೊತ್ತಿಲ್ಲ ಅಂದ್ರು,” ಎಂದು ಪಿಸುಗುಟ್ಟಿದರು. “ಚೊಲೋ ಡಾಕ್ಟರ್.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ.

ಚಿಕಿತ್ಸೆಗೆಂದು ಹುಬ್ಬಳ್ಳಿಯ ತಮ್ಮನ ಮನೆಗೆ ಹೋದವರು ಅಲ್ಲೇ ಹೋಳಿಯ ಹೊತ್ತಿಗೆ ತೀರಿಕೊಂಡರು. ಅವರ ಎರಡು ಸಾಲುಗಳು ಕೈಪಿಡಿಯಲ್ಲಿ ಹಾಗೇ ಇವೆ. ಹೊಸ ಹುಡುಗರು ಅವನ್ನು ದಾಟಿಕೊಂಡು ಹೋಗುತ್ತಾರೆ. ಏಜೆಂಟ್ ತಪ್ಪದೆ ಓದುತ್ತದೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಹೊರಟ ದಿನ, ಸ್ಟೇಷನ್ನಿನಲ್ಲಿ. ಅವರ ಹೆಂಡತಿ ಬ್ಯಾಗುಗಳನ್ನು ಸೀಟಿನ ಕೆಳಗೆ ತಳ್ಳುತ್ತಿದ್ದರು. ಕಿಟಕಿಯ ಬಳಿ ಕೂತಿದ್ದ ದೇಸಾಯರು ಮಫ್ಲರ್ ಸುತ್ತಿಕೊಂಡು ಇನ್ನೂ ಸಣ್ಣಗೆ ಕಾಣುತ್ತಿದ್ದರು.

“ಹುಷಾರಾಗಿ ವಾಪಸ್ ಬರ್ತೀರಲ್ಲ ಸರ್?” ಎಂದೆ.

ಹೆಂಡತಿ ಕೈಯಲ್ಲಿದ್ದ ಬ್ಯಾಗನ್ನು ಹಾಗೇ ಹಿಡಿದು ತಲೆಯೆತ್ತಿದರು. ದೇಸಾಯರು ಒಮ್ಮೆ ಅವರ ಕಡೆ ನೋಡಿದರು.

“ಬರ್ತೇನಿ,” ಎಂದರು.

ಗೊತ್ತಿಲ್ಲದ ಪ್ರಶ್ನೆಗೆ ಅವರು ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.