ಸೂಟ್‌ಕೇಸಿನಲ್ಲಿ ಬಂದ ಮಾತ್ರೆಗಳು

ನಡುವಯಸ್ಸಿನಲ್ಲಿ ಮತ್ತೆ ಓದಲು ಹೋಗಬಾರದು. ನಾನು ಹೋದೆ. ಟೋಕಿಯೋದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ, ಉಳಿದ ಹೊತ್ತು ಔಷಧಿಗಳ ಪಾಠ. ಆ ಕೋರ್ಸು ಮುಗಿಸಿದ ನರ್ಸುಗಳು ಇಲ್ಲಿ ಡಾಕ್ಟರು ಹಾಕಿಕೊಟ್ಟ ಗೆರೆಯೊಳಗೆ ಕೆಲವು ಔಷಧಿಗಳನ್ನು ತಾವೇ ಹೆಚ್ಚು ಕಡಿಮೆ ಮಾಡಬಹುದು. ನಮ್ಮ ಮೇಷ್ಟರದು ಪ್ರತಿ ತರಗತಿಯಲ್ಲೂ ಒಂದೇ ರಾಗ: ಹೊಸ ಮಾತ್ರೆ ಕೊಡುವ ಮೊದಲು ಹಳೆಯದನ್ನು ಕೇಳಿ. ಕೇಳಿ ಸುಮ್ಮನಿರಿ, ಆಮೇಲೆ ಇನ್ನೊಮ್ಮೆ ಕೇಳಿ. ನನಗೆ ಮೊದಲ ಸಲ ಕೇಳುವಷ್ಟು ತ್ರಾಣವೂ ಇರುತ್ತಿರಲಿಲ್ಲ.

ನಿಶಿ ಕಸಾಯಿ ಬಡಾವಣೆಯ ನಮ್ಮ ಕಟ್ಟಡದ ಕನ್ನಡದವರಿಗೆಲ್ಲ ನಾನು ಪುಕ್ಕಟೆ ಆಸ್ಪತ್ರೆ. ಲಿಫ್ಟಿನಲ್ಲಿ ಸಿಕ್ಕರೆ ನಾಲಿಗೆ ಚಾಚಿ ತೋರಿಸುತ್ತಾರೆ. ಇಲ್ಲಿನ ಔಷಧಿ ಬರೀ ನೀರು, ನಮ್ಮ ಮೈಗೆ ನಾಟೋದಿಲ್ಲ ಅನ್ನುವುದು ಅವರ ವೇದವಾಕ್ಯ. ನಾನು ಮಾತ್ರೆಯ ಹೆಸರು ಹೇಳದಿದ್ದರೆ, ಓದ್ತಿದ್ದಾಳಲ್ಲ, ಜಂಬ ಅನ್ನುತ್ತಾರೆ.

ಅವತ್ತು ಸಂಜೆ ಟ್ರೇನಿನಲ್ಲಿ ನಿಂತೇ ಬಂದು, ಕಾಲು ಬಿದ್ದುಹೋಗಿದ್ದವು. ಬಾಗಿಲಲ್ಲಿ ಮೇಲಿನ ಮನೆಯ ಮೈಸೂರಿನ ಹೆಂಗಸು ಕಾಯುತ್ತಿದ್ದಳು. ಅವಳ ತಾಯಿ ಮೂರು ತಿಂಗಳಿಗೆಂದು ಬಂದಿದ್ದರು.

"ಅಮ್ಮನಿಗೆ ಬೆಳಗ್ಗೆ ಎದ್ರೆ ತಲೆಸುತ್ತು ಕಣ್ರೀ. ಇವತ್ತು ಬಾತ್‌ರೂಮ್ ಬಾಗಿಲು ಹಿಡ್ಕೊಂಡು ಕುಸಿದು ಕೂತ್ಬಿಟ್ರು. ಒಂದು ಮಾತ್ರೆ ಹೇಳಿ ಸಾಕು."

ಬ್ಯಾಗು ಕೂಡ ಇಳಿಸದೆ ಮೇಲೆ ಹೋದೆ. ಅಜ್ಜಿ ಕೂತಾಗ ಸರಿಯಿದ್ದ ಬಿಪಿ, ಎದ್ದು ನಿಂತಾಗ ತೀರಾ ಇಳಿಯಿತು. ಏನು ತಗೋತಿದ್ದಾರೆ ಅಂದೆ. ಹೋದ ವಾರ ಪಕ್ಕದ ಕ್ಲಿನಿಕ್ಕಿನಲ್ಲಿ ಕೊಟ್ಟ ಬಿಪಿ ಮಾತ್ರೆ ತೋರಿಸಿದಳು. ಬೇರೆ? ಏನೂ ಇಲ್ಲ. ನಾನು ಸುಮ್ಮನೆ ಕೂತೆ. ಮೇಷ್ಟರ ಪಾಠ ನೆನಪಾಗಿ ಅಲ್ಲ, ಏಳಲು ಆಗದೆ. ಅವಳು ನನ್ನ ಮುಖ ನೋಡಿ ನೋಡಿ, ಒಳಗೆ ಹೋಗಿ ಒಂದು ಕವರ್ ತಂದಳು. ಊರಿನ ಬಿಪಿ ಮಾತ್ರೆ. ಒಂದೇ ಗುಳಿಗೆಯಲ್ಲಿ ಎರಡು ಔಷಧಿ, ಅದರಲ್ಲೊಂದು ಕ್ಲಿನಿಕ್ಕಿನವರು ಕೊಟ್ಟದ್ದೇ. ಅಜ್ಜಿ ಎರಡನ್ನೂ ನುಂಗುತ್ತಿದ್ದರು.

"ಇದನ್ನ ಡಾಕ್ಟರಿಗೆ ಹೇಳಲಿಲ್ವಾ?"

"ಹೇಗೆ ಹೇಳೋದು? ಒಂದು ತಿಂಗಳಿಗಾಗೋದಕ್ಕಿಂತ ಹೆಚ್ಚು ಮಾತ್ರೆ ಈ ದೇಶಕ್ಕೆ ತರೋಕೆ ಪರ್ಮಿಷನ್ ಬೇಕಂತೆ. ಇದು ಸಾರಿನ ಪುಡಿ ಕೆಳಗಿಟ್ಕೊಂಡು ಬಂದಿದ್ದು. ನಮ್ಮ ವೀಸಾಗೆ ಏನಾದ್ರೂ ಆದ್ರೆ?"

ನನಗೆ ರೇಗಿಹೋಯಿತು. "ನಿಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡ್ರೆ ವೀಸಾ ಬಂದು ಎತ್ತುತ್ತಾ?" ಅಂದೆ. ಅವಳು ಅತ್ತಳು. ಅಳುವವರನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕ್ಲಿನಿಕ್ ಇನ್ನೂ ತೆರೆದಿತ್ತು, ಇಬ್ಬರನ್ನೂ ಹೊರಡಿಸಿಕೊಂಡು, ಡಾಕ್ಟರಿಗೆ ಜಪಾನಿಯಲ್ಲಿ ಹೇಳಲು ನಾನೂ ಹೋದೆ.

ಡಾಕ್ಟರು ಊರಿನ ಮಾತ್ರೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲಿಂದ ಬಂತು, ಎಷ್ಟು ತಂದಿರಿ, ಒಂದನ್ನೂ ಕೇಳಲಿಲ್ಲ. ತಾವು ಕೊಟ್ಟದ್ದನ್ನು ನಿಲ್ಲಿಸಿ, ಬೇರೆ ಏನಾದರೂ ಇದೆಯೇ ಎಂದರು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು ನನಗೆ. ಆದರೂ ಅಜ್ಜಿಯ ಕಡೆ ತಿರುಗಿ, "ಅಮ್ಮ, ಇನ್ನೇನಾದ್ರೂ ತಗೋತೀರಾ?" ಎಂದೆ.

ಅವರು ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡರು. ಆಮೇಲೆ ಪರ್ಸಿನ ಒಳಜೇಬಿನಿಂದ ಅರ್ಧ ಖಾಲಿಯಾದ ಒಂದು ಮಾತ್ರೆ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ನಿದ್ದೆ ಮಾತ್ರೆ.

"ಇದ್ಯಾವಾಗಿಂದ? ನಂಗ್ಯಾಕಮ್ಮ ಹೇಳಲಿಲ್ಲ?" ಮಗಳು ಅದನ್ನು ಕೈಗೆತ್ತಿಕೊಂಡಳು.

"ಬಂದಾಗಿನಿಂದ ಕಣೆ. ನೀನು ದಿನಾ ಬೆಳಗ್ಗೆ ಕಾಫಿ ತಂದು, ಅಮ್ಮ, ಇಲ್ಲಿ ಚೆನ್ನಾಗಿದೆಯಾ ಅಂತ ಕೇಳ್ತೀಯ. ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?"

ಡಾಕ್ಟರು ನನ್ನ ಮುಖ ನೋಡುತ್ತಾ ಕಾದರು. ಮಾತ್ರೆಯ ಹೆಸರು ಹೇಳಿದೆ, ಬಂದಾಗಿನಿಂದ ನಿದ್ದೆಯಿಲ್ಲವಂತೆ ಎಂದೆ. ಉಳಿದದ್ದನ್ನು ಜಪಾನಿಯಲ್ಲಿ ಹೇಳಲು ನನಗೆ ಮನಸ್ಸು ಬರಲಿಲ್ಲ.