ದೋಣಿಗೆ ಕಟ್ಟಿದ ಮೇಲ್ಕಟ್ಟು

ಕಣ್ಣಿನ ಆಪರೇಷನ್ ಆದ ಮೇಲೆ ಬಿಸಿಲಿಗೆ ಹೋಗಲೇಬಾರದೆಂದು ನಮ್ಮ ಮನೆಯವರಿಗೆ ಡಾಕ್ಟರು ಹೇಳಿದ್ದರು. ಹಿನ್ನೀರಿನಲ್ಲಿ ಒಂದು ಸುತ್ತು ದೋಣಿ ಬಿಡದೆ ಇವರಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ದೋಣಿಯ ಅಳತೆ ಬರೆದುಕೊಂಡು ನಾನೇ ನೆರಳಿಗೊಂದು ಬಟ್ಟೆಯ ಮಾಡು ಹೊಲಿಯಲು ಕೂತೆ. ಟ್ರಂಕಿನಲ್ಲಿ ಸಿಕ್ಕ ಗಟ್ಟಿ ಬಟ್ಟೆಯೆಂದರೆ ನಮ್ಮ ಮದುವೆ ಮಂಟಪದ ಮೇಲೆ ಕಟ್ಟಿದ್ದ ಕೆಂಪಂಚಿನ ಮೇಲ್ಕಟ್ಟು. ಅಂಚು ಮಡಚಿ, ಲಾಡಿ ಹಚ್ಚಿ, ಬಗ್ಗಿಸಿದ ಬಿದಿರಿನ ದಬ್ಬೆಗಳಿಗೆ ಬಿಗಿದೆ.

ಇವರು ಹತ್ತಲೊಲ್ಲದೆ ದಡದಲ್ಲೇ ನಿಂತರು. "ಎಂತದೇ ಇದು, ಮದುವೆ ಮಂಟಪವಾ? ಜನ ನಗ್ತ. ಆನು ಬತ್ನಿಲ್ಲೆ."

"ಹಂಗಾರೆ ಜಗಲಿ ಮೇಲೇ ಕೂತ್ಕಳಿ" ಎಂದು ನಾನು ಹುಟ್ಟು ಹಿಡಿದೆ. ಗೊಣಗುತ್ತಲೇ ಹತ್ತಿದರು.

ಸ್ವಲ್ಪ ದೂರ ಹೋಗುವುದರೊಳಗೆ, ದಡದಲ್ಲಿ ಎಮ್ಮೆ ಮೈತೊಳೆಸುತ್ತಿದ್ದ ಅಪರಿಚಿತನೊಬ್ಬ ಕೂಗಿದ: "ಅಮ್ಮಾ, ಯಾರ ಮದುವೆ ದಿಬ್ಬಣ?"

ಇನ್ನು ದೋಣಿ ತಿರುಗಿಸಲೇಬೇಕು ಎಂದುಕೊಂಡೆ. ಇವರು ಮೇಲ್ಕಟ್ಟಿನಿಂದ ತಲೆ ಹೊರಹಾಕಿ, "ನಂದೇ ಮಾರಾಯಾ! ಹುಡುಗಿ ಬಿ.ಎ. ಪಾಸು, ದೋಣಿನೂ ನಡೆಸ್ತಾಳೆ" ಎಂದರು.

ಮದುವೆಯ ದಿನ ಇದೇ ಬಟ್ಟೆಯ ಕೆಳಗೆ ಇವರು ತುಟಿ ಬಿಚ್ಚಿರಲಿಲ್ಲ. ನನ್ನ ಡಿಗ್ರಿ ಇವರ ಬಾಯಲ್ಲಿ ಬರಲು ಮೇಲ್ಕಟ್ಟು ನೀರಿಗಿಳಿಯಬೇಕಾಯಿತು.